ಸವಕಳಿಯ ಸೊಗಸು: ಮಾದರಿ ರೈಲಿಗೆ ಮುಪ್ಪು ತರುವ ಕಲೆ

ಮನೆಗೆ ಬಂದ ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಥಳಥಳಿಸುವಂತೆ ಮಾಡುವುದು ಲೋಕರೂಢಿ. ಇದಕ್ಕೆ ತೀರ ವ್ಯತಿರಿಕ್ತವಾದ ಹವ್ಯಾಸವೊಂದುಂಟು. ಸಾವಿರಾರು ರೂಪಾಯಿ ತೆತ್ತು ತರಿಸಿದ ಗೇಣುದ್ದದ ರೈಲು ಎಂಜಿನನ್ನು ಪೆಟ್ಟಿಗೆಯಿಂದ ಹೊರತೆಗೆದು, ಅದರ ಹೊಳಪನ್ನು ಬುದ್ಧಿಪೂರ್ವಕವಾಗಿ ಕೆಡಿಸಿ, ಮಸಿ ಬಳಿದು, ತುಕ್ಕು ಹಿಡಿಸಿ, ಧೂಳು ಮೆತ್ತಿ, ಇಪ್ಪತ್ತು ವರ್ಷ ದುಡಿದು ದಣಿದ ಯಂತ್ರದಂತೆ ತೋರಿಸುವವರಿದ್ದಾರೆ. ಇದನ್ನು ಕಂಡ ಮನೆಯಾಕೆ 'ಇದ್ದ ಚೆಂದವನ್ನು ಕೆಡಿಸಲಿಕ್ಕೆ ಇಷ್ಟು ಹೊತ್ತೇ?' ಎಂದು ಕೇಳಿದರೆ ಆಕೆಯದು ತಪ್ಪೆನ್ನುವಂತಿಲ್ಲ.

ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ 'ವೆದರಿಂಗ್' ಎಂದು ಹೆಸರು. ಬಿಸಿಲು, ಮಳೆ, ಗಾಳಿಗೆ ಮೈಯೊಡ್ಡಿದ ವಸ್ತು ಕಾಲಕ್ರಮದಲ್ಲಿ ತಳೆಯುವ ರೂಪವನ್ನು ಕುಂಚದಿಂದ ತಂದುಕೊಡುವುದೆಂದು ಅದರ ತಾತ್ಪರ್ಯ. ಕನ್ನಡದಲ್ಲಿ ಲೆಕ್ಕಪತ್ರದ ಭಾಷೆಯಿಂದ ಒಂದು ಶಬ್ದವನ್ನು ಕಡ ತರುವುದಾದರೆ 'ಸವಕಳಿ' ಎಂಬುದು ಚೆನ್ನಾಗಿ ಒಪ್ಪುತ್ತದೆ. ಯಂತ್ರೋಪಕರಣಗಳ ಬೆಲೆಯಲ್ಲಿ ವರ್ಷವರ್ಷವೂ ಇಷ್ಟೆಂದು ಕಳೆಯುವ ಸವಕಳಿಯು ಪುಸ್ತಕದಲ್ಲಿ ಬರಿಯ ಅಂಕಿ. ರೈಲಿನ ಮೈಮೇಲಾದರೋ ಅದಕ್ಕೆ ಬಣ್ಣವುಂಟು, ಆಕಾರವುಂಟು, ನಿಯತವಾದ ಸ್ಥಾನವುಂಟು. ಪ್ರತಿ ವರ್ಷಕ್ಕೂ ಸಮಪಾಲು ಹಂಚುವ ಲೆಕ್ಕಿಗರ ಸರಳ ಪದ್ಧತಿಯನ್ನು ಪ್ರಕೃತಿ ಅನುಸರಿಸುವುದಿಲ್ಲ. ಗಾಲಿಯ ಬಳಿ ಆರು ತಿಂಗಳಲ್ಲಿ ಆಗುವ ಸವಕಳಿ ಕಿಟಕಿಯ ಮೇಲಂಚಿನಲ್ಲಿ ಆರು ವರ್ಷಕ್ಕೂ ಆಗಲಿಕ್ಕಿಲ್ಲ. ಪ್ರತಿಯೊಂದು ಕಲೆಗೂ ಒಂದು ಕಾರಣವುಂಟು. ಆ ಕಾರಣವನ್ನರಿಯದೆ ಕುಂಚ ಹಿಡಿದವನ ಕೈಯಲ್ಲಿ ಮಾದರಿಯು ಹಳತಾಗದೆ ಕೇವಲ ಕೊಳಕಾಗುತ್ತದೆ.

ಮಾದರಿ ರೈಲಿನ ಮೂಲ ಮಕ್ಕಳ ಆಟಿಕೆ. ಜರ್ಮನಿಯ ಮೆರ್ಕ್ಲಿನ್ ಸಂಸ್ಥೆಯು 1891ರಲ್ಲಿ ಲೈಪ್‌ಜಿಗ್‌ನ ವಾಣಿಜ್ಯಮೇಳದಲ್ಲಿ ಹಳಿಗಳ ಸಹಿತ ಆಟಿಕೆ ರೈಲನ್ನು ಪ್ರದರ್ಶಿಸಿತು. ಮೆಕ್ಯಾನೊ ಆಟಿಕೆಯನ್ನು ಲೋಕಕ್ಕೆ ಕೊಟ್ಟ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ತಗಡಿನ ರೈಲನ್ನು ಮಾರುಕಟ್ಟೆಗೆ ತಂದ. ಮಗುವಿನ ಕಣ್ಣನ್ನು ಸೆಳೆಯಬೇಕಾದ ವಸ್ತು ಹೊಳೆಯಲೇಬೇಕು. ಆದ್ದರಿಂದ ಅವು ಹೊಳೆದವು. ಮುಂದೆ ದೊಡ್ಡವರು ಈ ಆಟವನ್ನು ಕೈಗೆತ್ತಿಕೊಂಡು, ನಿಜವಾದ ರೈಲಿನ ಅಳತೆಯನ್ನು ಇಂತಿಷ್ಟು ಭಾಗಕ್ಕೆಂದು ಇಳಿಸಿ, ತಿರುಪಿನ ಮೊಳೆಯವರೆಗೂ ಲೆಕ್ಕ ತಪ್ಪದಂತೆ ಮಾದರಿಗಳನ್ನು ಮಾಡತೊಡಗಿದರು. ಅಳತೆಯೇನೋ ಸರಿಹೋಯಿತು, ಆದರೆ ಹೊಳಪು ಹಾಗೆಯೇ ಉಳಿಯಿತು. ಎಲ್ಲ ಅಳತೆಯೂ ಸರಿಯಾಗಿರುವ ಎಂಜಿನು ಸಕ್ಕರೆಯ ಬೊಂಬೆಯಂತೆ ಮಿನುಗುತ್ತಿದ್ದರೆ ನೋಡುವ ಕಣ್ಣು ಅದನ್ನು ನಂಬದು.

ಈ ಕೊರತೆಯನ್ನು ಮೊದಮೊದಲು ಗುರುತಿಸಿದವರಲ್ಲಿ ಅಗ್ರಗಣ್ಯನು ಅಮೆರಿಕದ ಜಾನ್ ಆಲೆನ್ (1913-1973). ಕ್ಯಾಲಿಫೋರ್ನಿಯದ ಮಾಂಟೆರೆ ಎಂಬ ಊರಿನಲ್ಲಿ ನೆಲೆಸಿದ್ದ ಆತ ವೃತ್ತಿಯಿಂದ ಛಾಯಾಗ್ರಾಹಕ. ಬೆಳಕು ಯಾವ ವಸ್ತುವಿನ ಮೇಲೆ ಹೇಗೆ ಬಿದ್ದರೆ ಹೇಗೆ ಕಾಣುತ್ತದೆಂಬುದು ಅವನ ದಿನನಿತ್ಯದ ವಿದ್ಯೆ. ತನ್ನ ಕಾಲ್ಪನಿಕ ರೈಲುಮಾರ್ಗಕ್ಕೆ 'ಗೋರಿ ಅಂಡ್ ಡಿಫೀಟೆಡ್' ಎಂದು, ಬರೆಯುವಾಗ ಬೇರೆ ಅಕ್ಷರಗಳಿದ್ದರೂ ಓದುವಾಗ 'ರಕ್ತಸಿಕ್ತ ಮತ್ತು ಪರಾಜಿತ' ಎಂಬ ಅರ್ಥ ಬರುವಂತಹ ವಿನೋದದ ಹೆಸರಿಟ್ಟು, ಮನೆಯ ನೆಲಮಾಳಿಗೆಯ ತುಂಬ ಬೆಟ್ಟ, ಕಣಿವೆ, ಸೇತುವೆಗಳನ್ನು ನಿರ್ಮಿಸಿದ. ಇತರರ ಗಾಡಿಗಳು ಅಂಗಡಿಯ ಹೊಳಪಿನಲ್ಲಿ ಓಡುತ್ತಿದ್ದ ಕಾಲದಲ್ಲಿ ಅವನ ಗಾಡಿಗಳು ಮಾಸಿದ್ದವು, ಸೊರಗಿದ್ದವು, ತುಕ್ಕು ಹಿಡಿದಿದ್ದವು. ಹವ್ಯಾಸಿಗಳ ಪತ್ರಿಕೆಗಳಲ್ಲಿ ಅಚ್ಚಾದ ಅವನ ಚಿತ್ರಗಳು ಒಂದು ತಲೆಮಾರಿನ ಅಭಿರುಚಿಯನ್ನೇ ತಿದ್ದಿದವು. 1973ರ ಜನವರಿಯಲ್ಲಿ ಆತ ಹೃದಯಾಘಾತದಿಂದ ತೀರಿಕೊಂಡ. ಅದಾಗಿ ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಆ ರೈಲುಮಾರ್ಗ ನಾಶವಾಯಿತು. ಲೋಕಕ್ಕೆ ಉಳಿದದ್ದು ಮುಖ್ಯವಾಗಿ ಅವನು ತೆಗೆದ ಚಿತ್ರಗಳು.

ಮಾಂಟೆರೆಯ ಮಾತನ್ನು ಅಲ್ಲಿಗೇ ಬಿಟ್ಟು ನಮ್ಮ ಹಳಿಗಳ ಕಡೆ ಬರೋಣ. ಹೊರನಾಡ ಕನ್ನಡಿಗನಿಗೆ ರೈಲು ಅಪರಿಚಿತವಲ್ಲ. ಊರಿಗೂ ಉದ್ಯೋಗಕ್ಕೂ ನಡುವೆ ಅವನ ಆಯುಷ್ಯದ ಎಷ್ಟೋ ರಾತ್ರಿಗಳು ಅದರಲ್ಲಿಯೇ ಕಳೆದಿವೆ. ಪುಣೆ-ಮೀರಜ್ ಮಾರ್ಗ 1971ರಲ್ಲಿ ಬ್ರಾಡ್‌ಗೇಜ್ ಆದ ಮೇಲೆ, ಮುಂಬಯಿಯಿಂದ ಹೊರಟವರು ಮೀರಜಿನಲ್ಲಿ ದೊಡ್ಡ ಗಾಡಿಯಿಂದಿಳಿದು, ಟ್ರಂಕು, ಹಾಸಿಗೆಸುರುಳಿ, ನೀರಿನ ಕೂಜಾಗಳ ಸಮೇತ ಮೀಟರ್‌ಗೇಜಿನ ಸಣ್ಣ ಗಾಡಿಯನ್ನು ಹತ್ತಬೇಕಾಗುತ್ತಿತ್ತು. ಅಲ್ಲಿಂದ ಮುಂದಿನ ಹಳಿಗಳೂ ತೊಂಬತ್ತರ ದಶಕದಲ್ಲಿ ಅಗಲವಾಗುವವರೆಗೆ ಈ ಪರಿಪಾಠ ನಡೆದಿತ್ತು. ಬೆಳಗಾಗುವಷ್ಟರಲ್ಲಿ ಬಿಳಿಯ ಪಂಚೆ ಕಂದಾಗಿರುತ್ತಿತ್ತು. ಕಿಟಕಿಗೆ ಮುಖವಿಟ್ಟ ಹುಡುಗರ ಕಣ್ಣಿಗೆ ಕಲ್ಲಿದ್ದಲಿನ ಚೂರು ಬಿದ್ದು ತಾಯಂದಿರು ಸೆರಗಿನ ತುದಿಯನ್ನು ಸುತ್ತಿ ಅದನ್ನು ತೆಗೆಯುತ್ತಿದ್ದರು. ಪಂಚೆಗೆ ಹತ್ತಿದ ಅದೇ ಧೂಳು ಡಬ್ಬಿಗೂ ಹತ್ತಿತ್ತು. ಈ ವಿದ್ಯೆಯ ಮೊದಲ ಪಾಠ ನಿಲ್ದಾಣದ ಕಟ್ಟೆಯ ಮೇಲೆಯೇ ಆಗಬೇಕು.

ಚೆನ್ನೈನ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು ಉದ್ಘಾಟನೆಗೊಂಡ ಕಾರ್ಖಾನೆಯ ಡಬ್ಬಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಉದ್ದ ಸುಮಾರು 21.3 ಮೀಟರ್. ಎಂಬತ್ತೇಳರಲ್ಲಿ ಒಂದು ಭಾಗದ ಪ್ರಮಾಣದಲ್ಲಿ ಮಾದರಿ ಮಾಡಿದರೆ 245 ಮಿಲಿಮೀಟರ್, ಎಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ತೊಂಬತ್ತರ ದಶಕದಲ್ಲಿ ನೀಲಿ ಬಣ್ಣ ಬರುವವರೆಗೆ ಇವು ಕಡುಗೆಂಪಾಗಿದ್ದವು. ಇಂತಹ ಡಬ್ಬಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು; ಕೊಳೆಯ ಚರಿತ್ರೆ ಆರಂಭವಾಗುವುದು ಗಾಲಿಯ ಬಳಿ.

ಎರಕದ ಕಬ್ಬಿಣದ ಬ್ರೇಕಿನ ಗಟ್ಟಿಗಳು ಗಾಲಿಯನ್ನು ಒತ್ತಿ ಹಿಡಿದಾಗಲೆಲ್ಲ ಕಬ್ಬಿಣದ ನವಿರಾದ ಪುಡಿ ಏಳುತ್ತದೆ. ಅದು ಗಾಲಿಯ ಚೌಕಟ್ಟು, ಸ್ಪ್ರಿಂಗು, ಡಬ್ಬಿಯ ಕೆಳಹೊಟ್ಟೆಗಳ ಮೇಲೆ ಕುಳಿತು, ಗಾಳಿಯ ತೇವಕ್ಕೆ ತುಕ್ಕಾಗಿ, ಹಳದಿಗೂ ಕೆಂಪಿಗೂ ನಡುವಣ ಒಂದು ಕಂದು ಬಣ್ಣವನ್ನು ತಳೆಯುತ್ತದೆ. ಕೆಳಭಾಗವನ್ನು ಕಪ್ಪು ಮಾಡಿಬಿಟ್ಟರೆ ಸಾಕೆಂದು ತಿಳಿಯುವವರು ಎಡವುವುದು ಇಲ್ಲಿಯೇ. ಕಾರ್ಖಾನೆಯಲ್ಲಿ ಬಳಿದದ್ದು ಕಪ್ಪಾದರೂ ಓಡಾಡಿದ ಗಾಡಿಯ ಕೆಳಭಾಗ ಕಪ್ಪಾಗಿರುವುದಿಲ್ಲ. ಈ ಪುಡಿ ಗಾಲಿಗಳ ನೇರದಲ್ಲಿ ದಟ್ಟವಾಗಿಯೂ ಡಬ್ಬಿಯ ನಡುಭಾಗದಲ್ಲಿ ವಿರಳವಾಗಿಯೂ ಇರುತ್ತದೆ. ಈಚಿನ ಜರ್ಮನ್ ವಿನ್ಯಾಸದ ಎಲ್.ಎಚ್.ಬಿ. ಡಬ್ಬಿಗಳಲ್ಲಿ ಡಿಸ್ಕ್ ಬ್ರೇಕುಗಳಿರುವುದರಿಂದ ಹಳೆಯ ಡಬ್ಬಿಯ ಕಂದನ್ನು ಅವಕ್ಕೆ ಹಾಗೆಯೇ ಹಚ್ಚಿದರೆ ತಪ್ಪಾಗುತ್ತದೆ.

ಪಕ್ಕದ ಗೋಡೆಗಳನ್ನು ನಿಲ್ದಾಣಗಳಲ್ಲಿ ಆಗಾಗ ತೊಳೆಯುತ್ತಾರೆ. ತೊಳೆಯುವ ಕುಂಚ ಚಪ್ಪಟೆಯಾದ ಜಾಗಕ್ಕೆ ಚೆನ್ನಾಗಿ ತಾಗುತ್ತದೆ. ಕಿಟಕಿಯ ಸಂದಿಗೆ, ಬಾಗಿಲ ಮೂಲೆಗೆ, ತಗಡಿನ ಮಡಿಕೆಗೆ ತಾಗುವುದಿಲ್ಲ. ಆದುದರಿಂದ ನಡುವೆ ಸ್ವಚ್ಛ, ಅಂಚಿನಲ್ಲಿ ಮಲಿನ. ಎರಡು ಡಬ್ಬಿಗಳು ಎದುರುಬದುರಾಗಿ ನಿಲ್ಲುವ ತುದಿಗೋಡೆಗಳ ಕಡೆಗಂತೂ ತೊಳೆಯುವವರು ಅಪರೂಪಕ್ಕೆ ಹೋಗುತ್ತಾರೆ. ಅಲ್ಲಿ ವರ್ಷಗಳ ಧೂಳು ಗಟ್ಟಿಯಾಗಿ ಕುಳಿತಿರುತ್ತದೆ. ಕಿಟಕಿಯ ಕಬ್ಬಿಣದ ಸರಳುಗಳ ಬುಡದಿಂದ ಸಣ್ಣ ತುಕ್ಕಿನ ಗೆರೆ ಕೆಳಗಿಳಿಯುತ್ತದೆ. ಛಾವಣಿಯ ಮೇಲೆ ನೀರು ತುಂಬುವ ಕಡೆ ಚೆಲ್ಲಿದ ನೀರು ಬಿಳಿಯ ಓರೆಗಳನ್ನು ಬಿಡುತ್ತದೆ. ಬಾಗಿಲ ಹಿಡಿಗಂಬವೊಂದು ಮಾತ್ರ, ಸಾವಿರಾರು ಕೈಗಳು ತೀಡಿದ್ದರಿಂದ, ಸುತ್ತಲಿನ ಮಾಲಿನ್ಯದ ನಡುವೆ ಹೊಳೆಯುತ್ತದೆ. ಇನ್ನು ಕಿಟಕಿಯ ಕೆಳಗಿನ ಎಲೆಅಡಿಕೆಯ ರಸದ ಧಾರೆ! ಅದು ಯಾವ ಪಾಶ್ಚಾತ್ಯ ಕೈಪಿಡಿಯಲ್ಲಿಯೂ ಸಿಗದ ಶುದ್ಧ ಭಾರತೀಯ ಅಂಶ. ಗಾಡಿ ಓಡುವಾಗ ಉಗಿದದ್ದಾದ್ದರಿಂದ ಆ ಧಾರೆ ನೆಟ್ಟಗೆ ಇಳಿಯದೆ ಹಿಂದಕ್ಕೆ ಓರೆಯಾಗಿ ಹರಿದಿರುತ್ತದೆ. ಜೈವಿಕ ಶೌಚಾಲಯಗಳು ಬರುವ ಮುನ್ನ ಡಬ್ಬಿಯ ಎರಡೂ ತುದಿಗಳ ಕೊಳವೆಗಳ ಕೆಳಗೆ ಏನಿರುತ್ತಿತ್ತೆಂಬುದನ್ನು ವಿವರಿಸುವ ಅಗತ್ಯವಿಲ್ಲ. ಮಾದರಿ ಮಾಡುವವನು ಅದನ್ನು ಮರೆಯಲಾರ, ಅಷ್ಟೆ.

ಮಣ್ಣಿನ ಬಣ್ಣವೂ ಪ್ರದೇಶಕ್ಕೊಂದು. ಬಳ್ಳಾರಿ-ಹೊಸಪೇಟೆಗಳ ಕಬ್ಬಿಣದ ಅದಿರನ್ನು ಹೊತ್ತ ಗಾಡಿಗಳು ಲೋಂಡಾ, ಕ್ಯಾಸಲ್ ರಾಕ್‌ಗಳ ಮೂಲಕ ಘಟ್ಟವಿಳಿದು ಮುರಗಾಂವ ಬಂದರಿಗೆ ಹೋಗುತ್ತವೆ. ಮೂವತ್ತೇಳು ಅಡಿಗೆ ಒಂದು ಅಡಿ ಇಳಿಯುವ ಆ ಘಟ್ಟದಲ್ಲಿ ಬ್ರೇಕಿನ ಪುಡಿಗೂ ಬರವಿಲ್ಲ, ಅದಿರಿನ ಧೂಳಿಗೂ ಬರವಿಲ್ಲ. ಅದಿರಿನ ಕೆಂಗಂದು ಬಣ್ಣ ವ್ಯಾಗನ್ನಿನ ಮೇಲಂಚಿನಿಂದ ಕೆಳಗಿಳಿದರೆ, ಬ್ರೇಕಿನ ಕಂದು ಕೆಳಗಿನಿಂದ ಮೇಲೇರುತ್ತದೆ. ಎರಡೂ ಮೂಲತಃ ಕಬ್ಬಿಣದ ತುಕ್ಕೇ ಆದರೂ ಛಾಯೆ ಬೇರೆ, ದಿಕ್ಕು ಬೇರೆ. ಇಂತಹ ವ್ಯಾಗನ್ನಿನ ಮಾದರಿಯನ್ನು ಒಂದೇ ಡಬ್ಬದ ಬಣ್ಣದಿಂದ ಮುಗಿಸುವವನು ಎರಡು ಖಾತೆಗಳ ಜಮೆಯನ್ನು ಒಂದೇ ಪುಟದಲ್ಲಿ ಬರೆದ ಗುಮಾಸ್ತನಿಗೆ ಸಮಾನ.

ಉಗಿ ಎಂಜಿನಿನ ಮೈ ಇನ್ನೂ ವಿಸ್ತಾರವಾದ ಗ್ರಂಥ. ಎಲ್ಲವೂ ಕಪ್ಪೆಂದು ದೂರದಿಂದ ತೋರಿದರೂ ಹತ್ತಿರ ಹೋದರೆ ಅಲ್ಲಿ ಕಪ್ಪು ಎಂಬುದೇ ಕಡಿಮೆ. ಹೊಗೆಪೆಟ್ಟಿಗೆಯ ಬಣ್ಣ ಒಳಗಿನ ಕಾವಿಗೆ ಸುಟ್ಟು ಬೂದಿಯಾಗಿರುತ್ತದೆ. ಬಾಯ್ಲರಿನ ಮೇಲ್ಭಾಗದಲ್ಲಿ ಹೊಗೆಯ ಮಸಿ ಕುಳಿತಿರುತ್ತದೆ. ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದ ಪ್ರದೇಶಗಳಲ್ಲಿ ಸುರಕ್ಷಾ ಕವಾಟದ ಸುತ್ತ, ಬಾಯ್ಲರನ್ನು ತೊಳೆಯಲೆಂದಿದ್ದ ಬಿರಡೆಗಳ ಕೆಳಗೆ, ಕೊಳವೆಗಳ ಕೀಲುಗಳಲ್ಲಿ ಸೋರಿದ ನೀರು ಆರಿ ಬಿಳಿಯ ಧಾರೆಗಳನ್ನು ಉಳಿಸುತ್ತಿತ್ತು. ಗಾಲಿಗಳನ್ನು ತಿರುಗಿಸುವ ಸರಳುಗಳಲ್ಲಿ ಎಣ್ಣೆಯ ಜಿಡ್ಡಿನ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಹೊಸ ಎಣ್ಣೆ. ಇಡೀ ಎಂಜಿನಿನಲ್ಲಿ ನಿಜವಾಗಿ ಹೊಳೆಯಬೇಕಾದ ಕೆಲವೇ ಸ್ಥಳಗಳಲ್ಲಿ ಅದೊಂದು. ಟೆಂಡರಿನ ನೀರಿನ ಬಾಯಿಯ ಸುತ್ತ ತೇವ, ಕಲ್ಲಿದ್ದಲಿನ ಬದಿಯಲ್ಲಿ ಒಣ ಕಪ್ಪು ಪುಡಿ. ಚಾಲಕನೂ ಫೈರ್‌ಮನ್ನನೂ ಹತ್ತಿಳಿಯುವ ಮೆಟ್ಟಿಲಿನ ನಡುಭಾಗ ಬೂಟಿನ ಉಜ್ಜುವಿಕೆಯಿಂದ ಬೆಳ್ಳಗಾಗಿರುತ್ತದೆ. ಆ ಒಂದು ಬೆಳ್ಳಗಿನ ಗುರುತಿನಿಂದ ಎಂಜಿನಿನಲ್ಲಿ ಮನುಷ್ಯರಿದ್ದಾರೆಂಬ ಭಾವನೆ ಬರುತ್ತದೆ.

ಡೀಸೆಲ್ ಎಂಜಿನಿನಲ್ಲಿ ಹೊಗೆಕೊಳವೆಯ ಸುತ್ತಣ ಮಸಿ, ಎಣ್ಣೆ ತುಂಬುವ ಬಾಯಿಯ ಕೆಳಗಿನ ಜಿಡ್ಡಿನ ಗೆರೆ, ಇವೆರಡು ಮುಖ್ಯ. ವಿದ್ಯುತ್ ಗಾಡಿಗಳಲ್ಲಿ ತಂತಿಯನ್ನು ಮುಟ್ಟುವ ಕೈಯ ಸುತ್ತ ಛಾವಣಿ ಕಪ್ಪಾಗಿರುತ್ತದೆ. ಮುಂಬಯಿಯ ಲೋಕಲ್ ಗಾಡಿಯನ್ನು ಪಾದಚಾರಿ ಸೇತುವೆಯ ಮೇಲಿಂದ ಒಮ್ಮೆ ನೋಡಿದರೆ ಈ ಪಾಠ ಮುಗಿಯಿತು.

ಇಲ್ಲಿ ಒಂದು ನಿಯಮ ಹೊಳೆಯುತ್ತದೆ. ವೋಚರು ಇಲ್ಲದ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಕಾರಣವಿಲ್ಲದ ಕಲೆಯನ್ನು ಮಾದರಿಗೆ ಹಚ್ಚುವಂತಿಲ್ಲ. 'ಇಲ್ಲೇಕೆ ತುಕ್ಕು?' ಎಂದು ಯಾರಾದರೂ ಕೇಳಿದರೆ ಉತ್ತರವಿರಬೇಕು. ಉತ್ತರವಿಲ್ಲದ ಕಲೆಗಳನ್ನೆಲ್ಲ ತುಂಬಲು ಇಲ್ಲಿ ಸಸ್ಪೆನ್ಸ್ ಖಾತೆಯ ಸೌಲಭ್ಯವಿಲ್ಲ.

ಇನ್ನು ಕೈಕೆಲಸದ ಮಾತು. ಮೊದಲು ಒಂದು ನಿರ್ದಿಷ್ಟ ಎಂಜಿನು ಅಥವಾ ಡಬ್ಬಿಯ ನಿರ್ದಿಷ್ಟ ಕಾಲದ ಛಾಯಾಚಿತ್ರವನ್ನು ಮುಂದಿಟ್ಟುಕೊಳ್ಳಬೇಕು. ಬಳಿಕ ಮಾದರಿಯ ಮೇಲಿನ ಕೈಜಿಡ್ಡನ್ನು ಪಾತ್ರೆ ತೊಳೆಯುವ ಸಾಬೂನಿನ ನೀರಿನಿಂದ ನಯವಾಗಿ ತೊಡೆದು ಒಣಗಿಸಬೇಕು. ಮೋಟರಿರುವ ಭಾಗಕ್ಕೆ ನೀರು ಸೋಕಬಾರದು. ಕಿಟಕಿಯ ಗಾಜುಗಳನ್ನು ಪಟ್ಟಿಯಿಂದ ಮುಚ್ಚಿ, ಮೈಗೆಲ್ಲ ಹೊಳಪಿಲ್ಲದ ವಾರ್ನಿಷಿನ ತೆಳುವಾದ ಒಂದು ಲೇಪವನ್ನು ಕೊಟ್ಟರೆ ಅರ್ಧ ಕೆಲಸವಾದಂತೆ. ಹೊಳಪು ಹೋದೊಡನೆ ಆಟಿಕೆಯ ಲಕ್ಷಣವೂ ಬಹುಮಟ್ಟಿಗೆ ಹೋಗುತ್ತದೆ. ಮುಂದೆ ಹಚ್ಚುವ ಪುಡಿ ಹಿಡಿದು ನಿಲ್ಲಲು ನವಿರಾದ ಒರಟುತನವೂ ದೊರೆಯುತ್ತದೆ.

ಅನಂತರ ತೆಳುಬಣ್ಣ. ಒಂದು ಪಾಲು ಕಂದುಗಪ್ಪು ಬಣ್ಣಕ್ಕೆ ಒಂಬತ್ತು ಪಾಲು ಥಿನ್ನರ್ ಬೆರೆಸಿದ, ಕಾಫಿಯ ಗಷ್ಟು ತೊಳೆದ ನೀರಿನಂತಹ ದ್ರವವನ್ನು ಸಂದಿಗೊಂದಿಗಳಿಗೆ ಹರಿಯಬಿಟ್ಟು, ಅದು ಪೂರ್ತಿ ಒಣಗುವ ಮುನ್ನ ತೇವದ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆದು ಬಹುಪಾಲನ್ನು ಒರೆಸಿ ತೆಗೆಯಬೇಕು. ಮಳೆ ಮೇಲಿನಿಂದ ಕೆಳಕ್ಕೆ ಸುರಿಯುತ್ತದೆ. ಕುಂಚವೂ ಹಾಗೆಯೇ ಚಲಿಸಬೇಕು. ಅಡ್ಡಡ್ಡ ಎಳೆದ ಒಂದೇ ಒಂದು ಗೀರು ಇಡೀ ಭ್ರಮೆಯನ್ನು ಒಡೆಯುತ್ತದೆ. ಮೂರನೆಯದು ಒಣಕುಂಚ. ತಿಳಿಬಣ್ಣದಲ್ಲಿ ಅದ್ದಿದ ಕುಂಚವನ್ನು ಬಟ್ಟೆಯ ಮೇಲೆ ಒರೆಸಿ, ಇನ್ನು ಬಣ್ಣವೇ ಇಲ್ಲವೆಂದು ತೋರಿದಾಗ ಉಬ್ಬಿದ ಅಂಚುಗಳ ಮೇಲೆ ಹಗುರವಾಗಿ ಆಡಿಸುವುದು. ಮೆಟ್ಟಿಲಿನ ನಡುವಣ ಸವೆತ ಬರುವುದು ಇದರಿಂದ.

ಕೊನೆಯದು ಪುಡಿ. ಪ್ಯಾಸ್ಟೆಲ್ ಬಣ್ಣದ ಕಡ್ಡಿಯನ್ನು ಸ್ಯಾಂಡ್‌ಪೇಪರಿನ ಮೇಲೆ ತೇಯ್ದರೆ ಉತ್ತಮ ಪುಡಿ ದೊರೆಯುತ್ತದೆ. ಚೆನ್ನಾಗಿ ಅರೆದು ಬಟ್ಟೆಯಲ್ಲಿ ಸೋಸಿದ ಕೆಮ್ಮಣ್ಣು, ಇದ್ದಿಲು ಕೂಡ ಉಪಯೋಗಕ್ಕೆ ಬರುತ್ತವೆ; ರಂಗೋಲಿಯ ಪೆಟ್ಟಿಗೆ ಹತ್ತಿರವಿದ್ದರೂ ಅದರ ಢಾಳಾದ ಬಣ್ಣಗಳಿಗೆ ಇಲ್ಲಿ ಕೆಲಸವಿಲ್ಲ. ನಿಜವಾದ ತುಕ್ಕು ಬೇಕೆಂದು ಕಬ್ಬಿಣದ ಅರದ ಪುಡಿಯನ್ನು ಹಚ್ಚುವ ಸಾಹಸ ಮಾತ್ರ ಕೂಡದು. ಎಂಜಿನಿನ ಮೋಟರಿನಲ್ಲಿ ಅಯಸ್ಕಾಂತವಿದೆ. ಪುಡಿಯೆಲ್ಲ ಅದಕ್ಕೆ ಅಂಟಿಕೊಂಡು ಯಂತ್ರವೇ ಕೆಡುತ್ತದೆ. ಪುಡಿಯ ಮೇಲೆ ಮತ್ತೆ ವಾರ್ನಿಷ್ ಹೊಡೆದರೆ ಅದು ನಿಲ್ಲುತ್ತದೆ, ಆದರೆ ಮಂಕಾಗುತ್ತದೆ. ಹೊಡೆಯದಿದ್ದರೆ ಕೈ ತಾಗಿದೆಡೆ ಅಳಿಸಿಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಬಣ್ಣ ಸುಲಿದು ತುಕ್ಕು ಇಣುಕುವ ಹಳೆಯ ವ್ಯಾಗನ್ನಿಗೆ ಅಡುಗೆಮನೆಯ ಉಪ್ಪು ನೆರವಾಗುತ್ತದೆ. ಮೊದಲು ಮೈಗೆಲ್ಲ ತುಕ್ಕಿನ ಬಣ್ಣ. ಅದು ಒಣಗಿದ ಮೇಲೆ ಅಲ್ಲಲ್ಲಿ ನೀರು ಸವರಿ ಉಪ್ಪಿನ ಹರಳುಗಳನ್ನು ಉದುರಿಸಿ ಆರಲು ಬಿಡುವುದು. ಅದರ ಮೇಲೆ ವ್ಯಾಗನ್ನಿನ ಬಣ್ಣವನ್ನು ಸಿಂಪಡಿಸುವುದು. ಎಲ್ಲ ಒಣಗಿದ ಮೇಲೆ ಗಡುಸಾದ ಕುಂಚದಿಂದ ಉಜ್ಜಿದರೆ ಹರಳುಗಳು ಉದುರಿ, ಅವಿದ್ದ ಜಾಗದಲ್ಲಿ ತುಕ್ಕು ತಲೆ ಹಾಕುತ್ತದೆ. ಯಾವ ಕುಂಚವೂ ಬಿಡಿಸಲಾರದ ಅಸ್ತವ್ಯಸ್ತತೆ ಅದರಲ್ಲಿದೆ.

ಎರಡು ಎಚ್ಚರಿಕೆಗಳು ಅಗತ್ಯ. ಎಂಬತ್ತೇಳರ ಪ್ರಮಾಣದಲ್ಲಿ ಒಂದು ಮಿಲಿಮೀಟರಿನ ಚುಕ್ಕೆಯೆಂದರೆ ನಿಜವಾದ ಗಾಡಿಯಲ್ಲಿ 87 ಮಿಲಿಮೀಟರ್, ಅಂಗೈಯಗಲದ ಕಲೆ. ಕೈ ತುಸು ಜಾರಿದರೆ ಗಾಡಿಗೆ ಸಿಡುಬು ಬಂದಂತಾಗುತ್ತದೆ. ಎರಡನೆಯದಾಗಿ, ದೂರದ ವಸ್ತು ನಮ್ಮ ಕಣ್ಣಿಗೆ ಯಾವಾಗಲೂ ತುಸು ಮಸುಕಾಗಿ ಕಾಣುತ್ತದೆ. ಮಾದರಿಯನ್ನು ನೋಡುವುದೆಂದರೆ ನಿಜವಾದುದನ್ನು ದೂರದಿಂದ ನೋಡಿದಂತೆಯೇ. ಆದ್ದರಿಂದ ಅಚ್ಚಗಪ್ಪು, ಅಚ್ಚಬಿಳುಪುಗಳಿಗೆ ಬದಲಾಗಿ ಗಾಢ ಬೂದಿ, ಮಾಸಲು ಕೆನೆಬಣ್ಣಗಳೇ ಒಪ್ಪುತ್ತವೆ. ಇದಲ್ಲದೆ, ಹಳಿಯನ್ನು ಮುಟ್ಟುವ ಗಾಲಿಯ ಅಂಚನ್ನು ಕೊನೆಗೆ ಚೊಕ್ಕಟಗೊಳಿಸಬೇಕು. ಮಾದರಿ ಎಂಜಿನಿಗೆ ವಿದ್ಯುತ್ತು ಸಿಗುವುದು ಅದರ ಮೂಲಕವೇ. ಅದನ್ನು ಮರೆತರೆ ಅತಿ ಸುಂದರವಾಗಿ ಹಳತಾದ ಎಂಜಿನು ನಿಂತಲ್ಲೇ ನಿಲ್ಲುತ್ತದೆ.

ಈ ಹವ್ಯಾಸ ನಡೆಯುವುದು ಮಹಾನಗರದ ಎರಡು ಕೋಣೆಯ ಮನೆಯಲ್ಲಿ, ಅದೂ ರಾತ್ರಿ ಮಕ್ಕಳು ಮಲಗಿದ ಮೇಲೆ, ಅವರು ಮಲಗಿದ ಕೋಣೆಯಲ್ಲಿಯೇ ಎಂಬುದನ್ನು ಮರೆಯುವಂತಿಲ್ಲ. ಆದುದರಿಂದ ಆರೋಗ್ಯದ ವಿಚಾರ ಕುಂಚದ ವಿಚಾರದಷ್ಟೇ ಮುಖ್ಯ. ಬಣ್ಣದ ಥಿನ್ನರುಗಳಲ್ಲಿ ಹಲವು ಟಾಲ್ವೀನ್, ಕ್ಸೈಲೀನ್ ಮುಂತಾದ ಆವಿಯಾಗುವ ದ್ರವಗಳಿಂದ ಕೂಡಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಇವುಗಳ ಆವಿಯಿಂದ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ. ದೀರ್ಘಕಾಲದ ಸೇವನೆ ನರಮಂಡಲಕ್ಕೆ ಹಾನಿಕರ. ವಾಸನೆ ಅಭ್ಯಾಸವಾಗಿ ತಿಳಿಯದೆ ಹೋಯಿತೆಂದ ಮಾತ್ರಕ್ಕೆ ಆವಿ ಹೋಯಿತೆಂದಲ್ಲ. ಏರ್‌ಬ್ರಷ್ಷಿನಿಂದ ಹೊರಡುವ ಮಂಜು ಇನ್ನೂ ಸೂಕ್ಷ್ಮ. ಅದರ ಕಣಗಳು ಶ್ವಾಸಕೋಶದ ಒಳಗಿನವರೆಗೂ ಹೋಗಬಲ್ಲವು. ಎರಡು ಡಬ್ಬಗಳ ದ್ರವವನ್ನು ಬೆರೆಸಿ ಹೊಡೆಯುವ ಕೆಲವು ವಾರ್ನಿಷುಗಳಲ್ಲಿ ಐಸೊಸಯನೇಟ್ ಎಂಬ ದ್ರವ್ಯವಿದ್ದು ಅದು ಉಬ್ಬಸವನ್ನು ತರಬಲ್ಲುದು. ಅಂತಹವನ್ನು ಮನೆಯೊಳಗೆ ತರದಿರುವುದೇ ಲೇಸು.

ಮೂಗಿಗೆ ಕಟ್ಟಿದ ಕರವಸ್ತ್ರದಿಂದ ಪ್ರಯೋಜನವಿಲ್ಲ. ಎನ್-95 ಮುಖಗವಸು ಪುಡಿಯನ್ನು ತಡೆಯುತ್ತದೆಯೇ ಹೊರತು ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಡಬ್ಬಿಯಿರುವ ಬೇರೆ ಬಗೆಯ ಮುಖಗವಸು ಬೇಕು. ಅತ್ಯುತ್ತಮವಾದ ಉಪಾಯವೆಂದರೆ ನೀರಿನಲ್ಲಿ ಕರಗುವ ಬಣ್ಣಗಳನ್ನೇ ಆರಿಸಿಕೊಂಡು, ಸಿಂಪಡಿಸುವ ಕೆಲಸವನ್ನು ಗ್ಯಾಲರಿಯಲ್ಲೋ ತಾರಸಿಯಲ್ಲೋ ಮಾಡುವುದು. ಥಿನ್ನರಿನ ಹತ್ತಿರ ಒಲೆ, ದೇವರ ದೀಪ, ಊದಿನಕಡ್ಡಿ ಯಾವುದೂ ಇರಕೂಡದು. ಪುಡಿ ಬಿದ್ದ ಮೇಜನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಕುಂಚದ ತುದಿಯನ್ನು ತುಟಿಯಿಂದ ಮೊನಚು ಮಾಡುವ ಅಭ್ಯಾಸ ಅನೇಕರಲ್ಲಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1920ರ ಸುಮಾರಿಗೆ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಹೀಗೆಯೇ ಮಾಡಿ ದವಡೆಯ ಮೂಳೆ ಕರಗಿ ಪ್ರಾಣ ಕಳೆದುಕೊಂಡರು. ಮಾದರಿಯ ಬಣ್ಣದಲ್ಲಿ ರೇಡಿಯಂ ಇಲ್ಲ, ನಿಜ. ಆದರೆ ಕೆಲವು ಹಳದಿ, ಕೆಂಪು ಬಣ್ಣಗಳಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಇರುವುದುಂಟು. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಉಳಿದ ಥಿನ್ನರನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡುವುದು. ಬಾಯಾರಿದ ಮಗು ಅದನ್ನು ಎತ್ತಿ ಕುಡಿದರೆ ವಾಂತಿ ಮಾಡಿಸಲು ಹೋಗಬಾರದು. ವಾಂತಿಯಾಗುವಾಗ ದ್ರವ ಶ್ವಾಸಕೋಶಕ್ಕೆ ಇಳಿದು ಪ್ರಾಣಾಪಾಯವಾಗುತ್ತದೆ. ಬಾಟಲಿಯ ಸಮೇತ ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ಈ ವಯಸ್ಸಿನಲ್ಲಿ ಹತ್ತಿರದ ವಸ್ತು ಮಸುಕಾಗುವುದು ಸಹಜ. ಚಾಳೀಸಿನ ಕನ್ನಡಕವನ್ನು ಮುಂದೂಡುತ್ತ ಬಂದವರಿಗೆ ಎಂಜಿನಿನ ನಂಬರು ಫಲಕವೇ ಬುದ್ಧಿ ಹೇಳುತ್ತದೆ. ಕತ್ತು ಬಗ್ಗಿಸಿ ಗಂಟೆಗಟ್ಟಲೆ ಕೂರದೆ, ಮಾದರಿಯನ್ನೇ ಮಣೆಯ ಮೇಲೆ ಎತ್ತರಿಸಿಕೊಂಡು, ಆಗಾಗ ಎದ್ದು ಕಿಟಕಿಯಾಚೆ ದೂರಕ್ಕೆ ದೃಷ್ಟಿ ಹಾಯಿಸುವುದು ಕಣ್ಣಿಗೂ ಹಿತ, ಕತ್ತಿಗೂ ಹಿತ.

ಹಣದ ದೃಷ್ಟಿಯಿಂದ ಹೇಳುವುದಾದರೆ ಇದು ಲಾಭದ ವ್ಯವಹಾರವಲ್ಲ. ಸಂಗ್ರಾಹಕರು ಪೆಟ್ಟಿಗೆ ಬಿಚ್ಚದ ಮಾದರಿಗೇ ಹೆಚ್ಚು ಬೆಲೆ ಕೊಡುತ್ತಾರೆ. ನಿಪುಣನ ಕೈಯಲ್ಲಿ ಹಳತಾದ ಮಾದರಿಗೆ ಒಳ್ಳೆಯ ಬೆಲೆ ಬರುವುದುಂಟಾದರೂ, ಅನನುಭವಿಯ ಕೈ ತಾಗಿದ್ದು ಅಗ್ಗಕ್ಕೂ ಹೋಗುವುದಿಲ್ಲ. ಅದಕ್ಕಾಗಿಯೇ ಮೊದಲ ಪ್ರಯೋಗವನ್ನು ಮುರಿದ, ಅಗ್ಗದ ವ್ಯಾಗನ್ನಿನ ಮೇಲೆ ನಡೆಸಬೇಕು. ಎಂಜಿನಿನ ಸರದಿ ಬರಬೇಕಾದುದು ಹತ್ತು ವ್ಯಾಗನ್ನುಗಳ ನಂತರ. ಅಲ್ಲಿಯೂ 'ಇನ್ನು ಸ್ವಲ್ಪ' ಎನ್ನಿಸಿದಾಗ ಕುಂಚವನ್ನು ಕೆಳಗಿಟ್ಟು ಮರುದಿನ ಹಗಲು ಬೆಳಕಿನಲ್ಲಿ ನೋಡುವುದು ಕ್ಷೇಮ. ದೀಪದ ಬೆಳಕಿನಲ್ಲಿ ಸಾಲದೆಂದು ತೋರಿದ್ದು ಹಗಲಿನಲ್ಲಿ ಅತಿಯಾಗಿ ಕಾಣುವುದೇ ಹೆಚ್ಚು.

ಹಾಗಿದ್ದರೆ ಇಷ್ಟು ಶ್ರಮವೇಕೆ? ದೆಹಲಿಯಲ್ಲಿ 1977ರಲ್ಲಿಯೂ ಮೈಸೂರಿನಲ್ಲಿ 1979ರಲ್ಲಿಯೂ ರೈಲು ವಸ್ತುಸಂಗ್ರಹಾಲಯಗಳು ತೆರೆದವು. ಅಲ್ಲಿ ಹಳೆಯ ಎಂಜಿನುಗಳು ಸುರಕ್ಷಿತವಾಗಿವೆ, ಆದರೆ ಕಾಪಾಡಬೇಕೆಂದ ಮೇಲೆ ಬಣ್ಣ ಬಳಿಯಲೇಬೇಕು. ಆದ್ದರಿಂದ ಅವು ದುಡಿಯುವ ಕಾಲದಲ್ಲಿ ಎಂದೂ ಇದ್ದಿರದಷ್ಟು ಮಿರುಗುತ್ತಿವೆ. ಭಾರತೀಯ ರೈಲ್ವೆಯ ಬ್ರಾಡ್‌ಗೇಜಿನ ನಿತ್ಯಸಂಚಾರದಿಂದ ಉಗಿ ಎಂಜಿನು 1995ರಲ್ಲಿ ಮರೆಯಾಯಿತು. ಪೆರಂಬೂರಿನ ಕಾರ್ಖಾನೆ ತನ್ನ ಹಳೆಯ ಮಾದರಿಯ ಡಬ್ಬಿಗಳ ತಯಾರಿಕೆಯನ್ನು 2018ರ ಜನವರಿಯಲ್ಲಿ ನಿಲ್ಲಿಸಿತು. ಹಳೆಯ ಛಾಯಾಚಿತ್ರಗಳಲ್ಲಿ ಹೆಚ್ಚಿನವು ಕಪ್ಪುಬಿಳುಪಿನವು. ಮೀರಜಿನಿಂದ ತೆಂಕಣಕ್ಕೆ ಹೊರಟ ಮೀಟರ್‌ಗೇಜ್ ಎಂಜಿನಿನ ಮೇಲಿನ ಸುಣ್ಣದ ಧಾರೆ ಎಷ್ಟು ಬಿಳುಪು, ಡಬ್ಬಿಯ ಕೆಂಪು ಬಿಸಿಲಿಗೆ ಎಷ್ಟು ಮಾಸಿತ್ತು ಎಂಬುದನ್ನು ಆ ಚಿತ್ರಗಳು ತಿಳಿಸಲಾರವು. ಅದನ್ನು ಬಲ್ಲವರು ಅಂದು ಅದರಲ್ಲಿ ಓಡಾಡಿದವರು, ಅದನ್ನು ಓಡಿಸಿದವರು. ಅವರಿಗೆಲ್ಲ ಈಗ ವಯಸ್ಸಾಗಿದೆ.

ಅಂತಹ ನಿವೃತ್ತ ಫೈರ್‌ಮನ್ನರು, ಗಾರ್ಡುಗಳು ಕೆಲವರು ಮಗನ ಮನೆಯೆಂದೋ ಮಗಳ ಮನೆಯೆಂದೋ ಇದೇ ಮಹಾನಗರಗಳ ಉಪನಗರಗಳಲ್ಲಿ ಇದ್ದಾರೆ. ಸಂಘದ ಸಮಾರಂಭಗಳಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಅವರ ಕೆಲಸದ ವಿಷಯವಾಗಿ ಕೇಳುವವರು ಕಡಿಮೆ. ಅಂಥವರ ಮುಂದೆ ಅರ್ಧ ಮುಗಿದ ಮಾದರಿಯನ್ನು ಇಟ್ಟು ನೋಡಬೇಕು. ಮೊದಲು ಕನ್ನಡಕ ತರಿಸಿಕೊಳ್ಳುವರು. ಅನಂತರ ಎಂಜಿನನ್ನು ಹಗುರವಾಗಿ ಎತ್ತಿ, ಬೆಳಕಿಗೆ ತಿರುಗಿಸಿ, ಯಾವ ಕವಾಟ ಸೋರುತ್ತಿತ್ತು, ಆ ಬಿಳಿಯ ಗೆರೆ ಎಲ್ಲಿಯವರೆಗೆ ಇಳಿಯುತ್ತಿತ್ತು ಎಂಬುದನ್ನು ಉಗುರಿನ ತುದಿಯಿಂದ ತೋರಿಸುವರು.